ಜನರಲ್ ಪ್ರಾಕ್ಟೀಸ್ ತರಬೇತಿಗೆ ವೈದ್ಯರ ಆಯ್ಕೆ ಮತ್ತು ಮೌಲ್ಯಮಾಪನ: ಬ್ರಿಟನ್ನಿನ ಚರಿತ್ರೆ

ಬ್ರಿಟನ್ನಿನಲ್ಲಿ ಬಡಾವಣೆಯ ಅಥವಾ ಹಳ್ಳಿಯ ಕ್ಲಿನಿಕ್ಕಿನಲ್ಲಿ ಕುಳಿತು, ಹೆಸರು ನೋಂದಾಯಿಸಿಕೊಂಡ ಕುಟುಂಬಗಳಿಗೆ ಮೊದಲ ಹಂತದ ಚಿಕಿತ್ಸೆ ಕೊಡುವವರು ಜನರಲ್ ಪ್ರಾಕ್ಟೀಷನರ್, ಜನರ ಬಾಯಲ್ಲಿ ಜಿಪಿ. ನಮ್ಮ ಫ್ಯಾಮಿಲಿ ಡಾಕ್ಟರು ಮಾಡುತ್ತಿದ್ದ ಕೆಲಸಕ್ಕೆ ಇದು ಹತ್ತಿರ. ಈ ವೃತ್ತಿಯ ತರಬೇತಿಗೆ ಯಾರನ್ನು ತೆಗೆದುಕೊಳ್ಳಬೇಕು, ತರಬೇತಿ ಮುಗಿಸಿದವರು ಯೋಗ್ಯರೆಂದು ಹೇಗೆ ತಿಳಿಯಬೇಕು ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಬಹುಭಾಗ ಅಲ್ಲಿ ನಿಯಮವೇ ಇರಲಿಲ್ಲ. ಮುಂದೆ ಇದೇ ವಿಭಾಗ ರೂಪಿಸಿದ ಆಯ್ಕೆ ಪರೀಕ್ಷೆಯನ್ನು ಬೇರೆ ವಿಭಾಗಗಳೂ ತಮ್ಮದಾಗಿಸಿಕೊಂಡವು. ಅಷ್ಟಾದರೂ, ಪರೀಕ್ಷೆ ಅಳೆಯುವುದು ವೈದ್ಯರ ಯೋಗ್ಯತೆಯನ್ನೋ ಅಥವಾ ಪರೀಕ್ಷಕರ ಕಿವಿಗೆ ಒಗ್ಗುವ ಮಾತಿನ ರೀತಿಯನ್ನೋ ಎಂಬ ಜಗಳ ಬಗೆಹರಿದಿಲ್ಲ.

ಪದವಿಯೇ ಸಾಕಾಗಿದ್ದ ಕಾಲ

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ, ಎಂದರೆ ಎನ್‌ಎಚ್‌ಎಸ್, ಶುರುವಾದಾಗ ಜಿಪಿ ಆಗಲು ವೈದ್ಯಕೀಯ ಪದವಿ ಮತ್ತು ನೋಂದಣಿ ಇದ್ದರೆ ಸಾಕಿತ್ತು. ಆಸ್ಪತ್ರೆಯಲ್ಲಿ ಸರ್ಜನ್ ಆಗಬೇಕೆಂದವರು ವರ್ಷಗಟ್ಟಲೆ ಹಿರಿಯರ ಕೈಕೆಳಗೆ ದುಡಿದು ಪರೀಕ್ಷೆ ಪಾಸು ಮಾಡಬೇಕು. ಜಿಪಿ ಆಗುವವರಿಗೆ ಪಾಲುದಾರರಾಗಿ ಸೇರಿಸಿಕೊಳ್ಳುವ ಒಂದು ಕ್ಲಿನಿಕ್ ಸಿಕ್ಕರಾಯಿತು. ಪರಿಚಯ, ಶಿಫಾರಸು, ಒಮ್ಮೆ ಊಟಕ್ಕೆ ಕರೆದು ಮಾತಾಡಿಸುವುದು, ಇವೇ ಆಯ್ಕೆಯ ವಿಧಾನಗಳು.

ಇದರ ಫಲವನ್ನು ಲೋಕಕ್ಕೆ ತೋರಿಸಿದವರು ಆಸ್ಟ್ರೇಲಿಯಾದ ವೈದ್ಯ ಜೋಸೆಫ್ ಕಾಲಿಂಗ್ಸ್. ಇಂಗ್ಲೆಂಡಿನ 55 ಕ್ಲಿನಿಕ್‌ಗಳನ್ನು ಸುತ್ತಿ ಅವರು ಬರೆದ ವರದಿ 1950ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕೊಳಕು ಕೋಣೆಗಳು, ಸರಿಯಾಗಿ ಮುಟ್ಟಿ ನೋಡದೆಯೇ ಔಷಧಿ ಬರೆಯುವ ಪದ್ಧತಿ, ಇವನ್ನೆಲ್ಲ ಅವರು ಮುಲಾಜಿಲ್ಲದೆ ದಾಖಲಿಸಿದ್ದರು. ಜಿಪಿಗಳು ಸಿಟ್ಟಾದರು, ಆದರೆ ಆ ಸಿಟ್ಟೇ ಅವರನ್ನು ಒಂದುಗೂಡಿಸಿತು. ಜಾನ್ ಹಂಟ್ ಮತ್ತು ಸಂಗಡಿಗರ ಪ್ರಯತ್ನದಿಂದ 1952ರಲ್ಲಿ ಜಿಪಿಗಳದ್ದೇ ಆದ ಕಾಲೇಜು ಸ್ಥಾಪನೆಯಾಯಿತು. ಇದು ತರಗತಿ ನಡೆಸುವ ಕಾಲೇಜಲ್ಲ, ವೃತ್ತಿಸಂಘ. ಇಂದಿನ ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್. ಚರ್ಚಿಲ್ ಅವರ ವೈದ್ಯರಾಗಿದ್ದ ಲಾರ್ಡ್ ಮೊರಾನ್ 1958ರಲ್ಲಿ ವೇತನ ಆಯೋಗದ ಮುಂದೆ, ಜಿಪಿಗಳೆಂದರೆ ತಜ್ಞರಾಗುವ ಏಣಿಯಿಂದ ಜಾರಿ ಬಿದ್ದವರು ಎಂಬರ್ಥದ ಮಾತನ್ನು ಆಡಿದರು. ಆ ಚುಚ್ಚುಮಾತನ್ನು ಜಿಪಿಗಳು ಇಂದಿಗೂ ಮರೆತಿಲ್ಲ. ಮುಂದಿನ ಸುಧಾರಣೆಗಳ ಹಿಂದೆ ಈ ಅವಮಾನದ ಪಾಲು ಇಲ್ಲವೆನ್ನಲಾಗದು.

ಕಡ್ಡಾಯ ತರಬೇತಿಯತ್ತ

1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಜನರಲ್ ಪ್ರಾಕ್ಟೀಸಿಗೆ ಪೀಠ ತೆರೆದು ರಿಚರ್ಡ್ ಸ್ಕಾಟ್ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಈ ವಿಷಯಕ್ಕೆ ಜಗತ್ತಿನಲ್ಲೇ ಅವರು ಮೊದಲ ಪ್ರಾಧ್ಯಾಪಕರು. 1965ರಲ್ಲಿ ಕಾಲೇಜು ತನ್ನ ಸದಸ್ಯತ್ವಕ್ಕೆ ಪರೀಕ್ಷೆ ಆರಂಭಿಸಿತು. ಎಮ್‌ಆರ್‌ಸಿಜಿಪಿ ಎಂದು ಹೆಸರಾದ ಆ ಪರೀಕ್ಷೆಗೆ ಮೊದಲ ಸಲ ಕುಳಿತವರು ಐದೇ ಜನ. 1968ರಲ್ಲಿ ಲಾರ್ಡ್ ಟಾಡ್ ಅಧ್ಯಕ್ಷತೆಯ ರಾಯಲ್ ಕಮಿಷನ್, ಜನರಲ್ ಪ್ರಾಕ್ಟೀಸ್ ಸ್ವತಂತ್ರ ವಿಭಾಗ, ಅದಕ್ಕೆ ಅದರದೇ ತರಬೇತಿ ಬೇಕು ಎಂದು ಒಪ್ಪಿಕೊಂಡಿತು.

ಆದರೆ ತರಬೇತಿ ಎಂದರೆ ಏನನ್ನು ಕಲಿಸುವುದು? ಹಂಗೇರಿಯಿಂದ ಲಂಡನ್ನಿಗೆ ಬಂದು ನೆಲೆಸಿದ್ದ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ 1957ರಲ್ಲಿ ಪ್ರಕಟಿಸಿದ ಪುಸ್ತಕ, ರೋಗಿ ಮತ್ತು ವೈದ್ಯರ ನಡುವಿನ ಸಂಬಂಧವೂ ಚಿಕಿತ್ಸೆಯ ಭಾಗ ಎಂಬ ಅರಿವನ್ನು ಜಿಪಿಗಳಲ್ಲಿ ಹುಟ್ಟಿಸಿತ್ತು. ಕಾಲೇಜಿನ ಸಮಿತಿಯೊಂದು 1972ರಲ್ಲಿ ಹೊರತಂದ ‘ದ ಫ್ಯೂಚರ್ ಜನರಲ್ ಪ್ರಾಕ್ಟೀಷನರ್’ ಆ ಅರಿವನ್ನು ಪಠ್ಯಕ್ರಮವಾಗಿ ಇಳಿಸಿತು. 1976ರಲ್ಲಿ ಸಂಶೋಧಕರಾದ ಬರ್ನ್ ಮತ್ತು ಲಾಂಗ್ ಎರಡು ಸಾವಿರಕ್ಕೂ ಹೆಚ್ಚು ಭೇಟಿಗಳ ಧ್ವನಿಮುದ್ರಣ ಕೇಳಿ, ವೈದ್ಯರು ರೋಗಿಯೊಂದಿಗೆ ನಿಜವಾಗಿ ಹೇಗೆ ಮಾತಾಡುತ್ತಾರೆ ಎಂದು ವಿಶ್ಲೇಷಿಸಿದರು. ಹೆಚ್ಚಿನವರು ರೋಗಿ ಏನೇ ಹೇಳಲಿ, ತಮ್ಮ ಹಳೆಯ ಜಾಡನ್ನು ಬಿಡುತ್ತಿರಲಿಲ್ಲ. ಮಾತುಕತೆಯನ್ನು ಕಲಿಸಬಹುದು, ಅಳೆಯಲೂಬಹುದು ಎಂಬ ನಂಬಿಕೆ ಬಲವಾದದ್ದು ಇಂಥ ಕೆಲಸಗಳಿಂದ.

ಅದೇ 1976ರಲ್ಲಿ ತರಬೇತಿಯನ್ನು ಕಡ್ಡಾಯಗೊಳಿಸುವ ಕಾಯ್ದೆ ಬಂತು. 1981ರಿಂದ ಒಂದು ವರ್ಷ, 1982ರ ಆಗಸ್ಟಿನಿಂದ ಪೂರ್ಣ ಮೂರು ವರ್ಷ ತರಬೇತಿ ಪಡೆಯದವರು ಎನ್‌ಎಚ್‌ಎಸ್‌ನಲ್ಲಿ ಸ್ವತಂತ್ರ ಜಿಪಿ ಆಗುವಂತಿರಲಿಲ್ಲ. ಮೂರರಲ್ಲಿ ಎರಡು ವರ್ಷ ಆಸ್ಪತ್ರೆಯಲ್ಲಿ, ಒಂದು ವರ್ಷ ಹಿರಿಯ ಜಿಪಿಯೊಬ್ಬರ ಕ್ಲಿನಿಕ್ಕಿನಲ್ಲಿ.

ಸಹಿಯಿಂದ ಪರೀಕ್ಷೆಗೆ

ಕಡ್ಡಾಯವಾದದ್ದು ತರಬೇತಿಯೇ ಹೊರತು ಪರೀಕ್ಷೆಯಲ್ಲ. ಅವಧಿ ಮುಗಿದಾಗ ತರಬೇತುದಾರರು ಫಾರಂಗೆ ಸಹಿ ಹಾಕಿದರೆ ಪ್ರಮಾಣಪತ್ರ ಸಿಗುತ್ತಿತ್ತು. ಒಂದು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ ಕಿರಿಯ ಸಹೋದ್ಯೋಗಿಯ ಮುಂದಿನ ಬದುಕನ್ನು ತಡೆಯಲು ಯಾರಿಗೆ ಮನಸ್ಸು ಬರುತ್ತದೆ? ಸಹಿ ನಿರಾಕರಿಸಿದವರು ತೀರಾ ವಿರಳ. ಅತ್ತ ಎಮ್‌ಆರ್‌ಸಿಜಿಪಿ ಇದ್ದರೂ ಅದು ಬೇಕಾದವರು ಬರೆಯುವ ಪರೀಕ್ಷೆಯಾಗಿತ್ತು.

1990ರ ದಶಕದಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ತರಬೇತಿ ತಂಡ ಕನಿಷ್ಠ ಯೋಗ್ಯತೆಯನ್ನು ಅಳೆಯುವ ವಿಧಾನವೊಂದನ್ನು ರೂಪಿಸಿತು. ಇಡೀ ದೇಶ 1996ರಲ್ಲಿ ಅದನ್ನು ಅಳವಡಿಸಿಕೊಂಡಿತು. 1998ರಲ್ಲಿ ಕಾನೂನಿನ ಬಲವೂ ಸಿಕ್ಕಿತು. ಅದರಲ್ಲಿ ನಾಲ್ಕು ಭಾಗ: ಬಹು ಆಯ್ಕೆ ಪ್ರಶ್ನೆಪತ್ರಿಕೆ, ನಿಜವಾದ ರೋಗಿಗಳ ಒಪ್ಪಿಗೆ ಪಡೆದು ಚಿತ್ರಿಸಿದ ಭೇಟಿಗಳ ವಿಡಿಯೊ, ಕ್ಲಿನಿಕ್ಕಿನ ಕೆಲಸವನ್ನು ಒರೆಗೆ ಹಚ್ಚುವ ಆಡಿಟ್ ವರದಿ, ಕೊನೆಗೆ ತರಬೇತುದಾರರ ವರದಿ. ವಿಡಿಯೊ ಮಾಡುವ ತಲೆನೋವನ್ನು ಆ ತಲೆಮಾರಿನ ಜಿಪಿಗಳು ಇವತ್ತಿಗೂ ನೆನೆಯುತ್ತಾರೆ: ಕ್ಯಾಮೆರಾ ನೋಡಿ ಮಾತು ನುಂಗುವ ರೋಗಿ, ಅತ್ಯುತ್ತಮ ಭೇಟಿಯ ದಿನವೇ ಕೈಕೊಡುವ ಮೈಕು. ಕನಿಷ್ಠ ಯೋಗ್ಯತೆಗೆ ಒಂದು ಪರೀಕ್ಷೆ, ಪ್ರತಿಷ್ಠೆಗೆ ಎಮ್‌ಆರ್‌ಸಿಜಿಪಿ ಎಂದು ಎರಡೆರಡು ಹೊರೆ ಹೊತ್ತವರು ಬಹಳ. 2007ರ ಆಗಸ್ಟಿನಲ್ಲಿ ಎರಡನ್ನೂ ಬೆಸೆದು, ಹೊಸ ಎಮ್‌ಆರ್‌ಸಿಜಿಪಿಯನ್ನೇ ಜಿಪಿ ವೃತ್ತಿಯ ಬಾಗಿಲನ್ನಾಗಿ ಮಾಡಲಾಯಿತು.

ಒಳಗೆ ಬಿಡುವುದು ಯಾರನ್ನು?

ಹೊರಹೋಗುವ ಬಾಗಿಲಿಗೆ ಕಾವಲು ಹಾಕಿದ ಮೇಲೆ ಒಳಬರುವ ಬಾಗಿಲ ಕಡೆ ಗಮನ ಹೋಯಿತು. ಅಲ್ಲಿಯವರೆಗೆ ಒಂದೊಂದು ಪ್ರದೇಶದಲ್ಲಿ ಒಂದೊಂದು ಬಗೆಯ ಸಂದರ್ಶನ. ಆಸ್ಪತ್ರೆಯ ಹುದ್ದೆಗಳನ್ನು ತಾವೇ ಹೊಂದಿಸಿಕೊಂಡು, ತರಬೇತುದಾರರನ್ನೂ ತಾವೇ ಹುಡುಕಿಕೊಳ್ಳುತ್ತಿದ್ದವರೂ ಇದ್ದರು. ಈ ಕ್ಷೇತ್ರಕ್ಕೆ ಹೊಸ ದಿಕ್ಕು ಕೊಟ್ಟವರು ವೈದ್ಯರಲ್ಲ, ಉದ್ಯೋಗ ಮನೋವಿಜ್ಞಾನಿ ಫಿಯೋನಾ ಪ್ಯಾಟರ್ಸನ್. ಅವರ ತಂಡ ಜಿಪಿಗಳನ್ನೂ ರೋಗಿಗಳನ್ನೂ ಮಾತಾಡಿಸಿ, ಕ್ಲಿನಿಕ್ಕಿನ ಭೇಟಿಗಳನ್ನು ಗಮನಿಸಿ, ಒಳ್ಳೆಯ ಜಿಪಿಗೆ ಬೇಕಾದ 11 ಸಾಮರ್ಥ್ಯಗಳ ಪಟ್ಟಿಯನ್ನು 2000ದಲ್ಲಿ ಪ್ರಕಟಿಸಿತು. ವೈದ್ಯಕೀಯ ಜ್ಞಾನ ಅದರಲ್ಲಿ ಒಂದು ಮಾತ್ರ. ಅನುಕಂಪ, ಸಂವಹನ, ಒತ್ತಡ ತಾಳುವ ಶಕ್ತಿ, ಪ್ರಾಮಾಣಿಕತೆ ಇವಕ್ಕೂ ಅಷ್ಟೇ ತೂಕ.

ಇವನ್ನು ಕಾಗದದ ಮೇಲೆ ಅಳೆಯಲು ಬಂದದ್ದು ಸನ್ನಿವೇಶ ನಿರ್ಣಯ ಪರೀಕ್ಷೆ. ಅದರ ಬಗೆ ಹೀಗೆ: ಬೆಳಗಿನ ಪಾಳಿಗೆ ಬಂದ ಸಹೋದ್ಯೋಗಿಯ ಬಾಯಿಂದ ಮದ್ಯದ ವಾಸನೆ ಬರುತ್ತಿದೆ. ಅವರನ್ನೇ ಕೇಳುವುದು, ಮೇಲಿನವರಿಗೆ ತಿಳಿಸುವುದು, ಅವರ ರೋಗಿಗಳನ್ನು ತಾನು ನೋಡುವುದು, ಸುಮ್ಮನಿರುವುದು, ಹೀಗೆ ಕೊಟ್ಟಿರುವ ಆಯ್ಕೆಗಳನ್ನು ಸೂಕ್ತತೆಯ ಕ್ರಮದಲ್ಲಿ ಜೋಡಿಸಬೇಕು. ತಜ್ಞರ ಸಮಿತಿ ಒಪ್ಪಿದ ಕ್ರಮಕ್ಕೆ ಉತ್ತರ ಎಷ್ಟು ಹತ್ತಿರವೋ ಅಷ್ಟು ಅಂಕ. ಜ್ಞಾನಕ್ಕೆ ಬೇರೊಂದು ಪತ್ರಿಕೆ. ಎರಡರಲ್ಲೂ ಗೆದ್ದವರನ್ನು ಆಯ್ಕೆ ಕೇಂದ್ರಕ್ಕೆ ಕರೆದು, ರೋಗಿಯಾಗಿ ನಟಿಸುವವರೊಡನೆ ಮಾತಾಡಿಸಿ ನೋಡುತ್ತಿದ್ದರು.

2007ರಲ್ಲಿ ಉಳಿದ ವಿಭಾಗಗಳ ತರಬೇತಿಗೆ ತಂದ ಗಣಕೀಕೃತ ಅರ್ಜಿ ವ್ಯವಸ್ಥೆ ಎಮ್‌ಟಿಎಎಸ್ ಕುಸಿದುಬಿತ್ತು. ಅರ್ಜಿದಾರರ ಖಾಸಗಿ ವಿವರಗಳೂ ಸೋರಿಹೋದವು. ಕಿರಿಯ ವೈದ್ಯರು ಲಂಡನ್ನಿನಲ್ಲೂ ಗ್ಲಾಸ್ಗೋದಲ್ಲೂ ಬೀದಿಗಿಳಿದರು. ಆರೋಗ್ಯ ಸಚಿವೆ ಪೆಟ್ರಿಷಿಯಾ ಹೀವಿಟ್ ಕ್ಷಮೆ ಕೇಳಿದರು. ಆ ಗದ್ದಲದ ನಡುವೆ ಜಿಪಿ ಆಯ್ಕೆ ಮಾತ್ರ ತನ್ನದೇ ದಾರಿಯಲ್ಲಿ ಹೆಚ್ಚು ಪೆಟ್ಟಿಲ್ಲದೆ ನಡೆಯಿತು. ಬಳಿಕ ಜಿಪಿಯ ಎರಡು ಪತ್ರಿಕೆಗಳೇ ಎಮ್‌ಎಸ್‌ಆರ್‌ಎ ಎಂಬ ಹೆಸರಿನಲ್ಲಿ ಮನೋವೈದ್ಯಶಾಸ್ತ್ರ ಮೊದಲಾದ ವಿಭಾಗಗಳಿಗೂ ಹಬ್ಬಿದವು. ಏಣಿಯಿಂದ ಬಿದ್ದವರೆಂದು ಕರೆಸಿಕೊಂಡವರ ಪಾಲಿಗೆ ಇದು ಸಣ್ಣ ಗೆಲುವಲ್ಲ. 2020ರಲ್ಲಿ ಕೋವಿಡ್ ಕಾರಣಕ್ಕೆ ಆಯ್ಕೆ ಕೇಂದ್ರ ನಿಂತಿತು. ಆಮೇಲೆ ಜಿಪಿ ತರಬೇತಿಗೆ ಎಮ್‌ಎಸ್‌ಆರ್‌ಎ ಅಂಕವೇ ನಿರ್ಣಾಯಕ. ಅಭ್ಯರ್ಥಿಯ ಮುಖವನ್ನೇ ನೋಡದೆ, ಮಾತೇ ಮುಖ್ಯವಾದ ಕೆಲಸಕ್ಕೆ ಆರಿಸುವ ಈ ಕ್ರಮ ಅಗ್ಗವೂ ಹೌದು, ಶೀಘ್ರವೂ ಹೌದು. ಪ್ಯಾಟರ್ಸನ್ ಪಟ್ಟಿಯ ಆಶಯಕ್ಕೆ ಪೂರ್ತಿ ನಿಷ್ಠವೆನ್ನುವುದು ಕಷ್ಟ.

ನಟರು, ಹತ್ತು ನಿಮಿಷ ಮತ್ತು ನ್ಯಾಯಾಲಯ

2007ರ ಪರೀಕ್ಷೆಗೆ ಮೂರು ಅಂಗ. ಗಣಕಯಂತ್ರದ ಮುಂದೆ ಬರೆಯುವ ಜ್ಞಾನ ಪರೀಕ್ಷೆ. ತರಬೇತಿಯುದ್ದಕ್ಕೂ ಇ-ಪೋರ್ಟ್‌ಫೋಲಿಯೊದಲ್ಲಿ ದಾಖಲಾಗುವ ಕೆಲಸದ ಮೌಲ್ಯಮಾಪನ. ಮೂರನೆಯದು ಸಿಎಸ್‌ಎ ಎಂಬ ಪ್ರಾಯೋಗಿಕ ಪರೀಕ್ಷೆ. ಸಿಎಸ್‌ಎಯಲ್ಲಿ ಅಭ್ಯರ್ಥಿ ತನ್ನ ಕ್ಲಿನಿಕ್ಕಿನಲ್ಲಿ ಕುಳಿತಂತೆ ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಗಂಟೆ ಬಾರಿಸಿದಾಗ ರೋಗಿಯ ಪಾತ್ರಧಾರಿ ಒಳಗೆ ಬರುತ್ತಾರೆ, ಹಿಂದೆಯೇ ಪರೀಕ್ಷಕರು. ಹತ್ತು ನಿಮಿಷ, ಎರಡು ನಿಮಿಷ ಬಿಡುವು, ಮತ್ತೆ ಇನ್ನೊಬ್ಬರು. ಹೀಗೆ 13 ಜನ. ರೋಗಿಯ ಮನಸ್ಸಿನಲ್ಲಿರುವ ಊಹೆ, ಆತಂಕ, ನಿರೀಕ್ಷೆಗಳನ್ನು ಹೊರತೆಗೆಯದೆ ಬರೀ ರೋಗ ಪತ್ತೆಹಚ್ಚಿದರೆ ಅಂಕ ದಕ್ಕದು.

ಈ ಪರೀಕ್ಷೆಯಲ್ಲಿ ಸೋತವರ ಪಟ್ಟಿ ನೋಡಿದಾಗ ಒಂದು ಚಿತ್ರ ಎದ್ದುಕಂಡಿತು. ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲಿನ ಕೋರಿಕೆಯಂತೆ ಅನೀಸ್ ಇಸ್ಮಾಯಿಲ್ ಮತ್ತು ಕ್ರಿಸ್ ರಾಬರ್ಟ್ಸ್ 5,095 ಅಭ್ಯರ್ಥಿಗಳ ಫಲಿತಾಂಶವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಸಂಖ್ಯಾಶಾಸ್ತ್ರದವರು ಆಡ್ಸ್ ಎನ್ನುವ ಅಳತೆಯಲ್ಲಿ, ಮೊದಲ ಯತ್ನದಲ್ಲಿ ಸೋಲುವ ಸಂಭವ ಬ್ರಿಟನ್ನಿನಲ್ಲೇ ಓದಿದ ಬಿಳಿಯರಿಗಿಂತ ಅಲ್ಲೇ ಓದಿದ ಅಲ್ಪಸಂಖ್ಯಾತ ಜನಾಂಗದವರಿಗೆ ಸುಮಾರು ಮೂರೂವರೆ ಪಟ್ಟು, ಹೊರದೇಶದಲ್ಲಿ ಓದಿ ಬಂದವರಿಗೆ 14 ಪಟ್ಟಿಗೂ ಹೆಚ್ಚು. ಪಕ್ಷಪಾತದ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದರು ಸಂಶೋಧಕರು. ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೊ ಕಾಲೇಜನ್ನೂ ಕೌನ್ಸಿಲನ್ನೂ ಹೈಕೋರ್ಟಿಗೆ ಎಳೆಯಿತು. 2014ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಮಿಟಿಂಗ್ ಅರ್ಜಿಯನ್ನು ವಜಾ ಮಾಡಿದರು. ರೋಗಿಗಳ ರಕ್ಷಣೆಗೆ ಇಂಥ ಪರೀಕ್ಷೆ ನ್ಯಾಯಬದ್ಧ ಎಂದರು. ಆದರೆ ಕಾನೂನಿನಲ್ಲಿ ಸೋತ ಸಂಘಕ್ಕೆ ನೈತಿಕ ಜಯ ಸಿಕ್ಕಿದೆ, ಕಾಲೇಜು ಇನ್ನು ಕೈಕಟ್ಟಿ ಕೂರುವಂತಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಇದೇ ಬಾಪಿಯೊ, ಹೊರದೇಶದ ವೈದ್ಯರನ್ನು ತರಬೇತಿಯಿಂದ ದೂರವಿಡುವ ಸರ್ಕಾರಿ ಸೂಚನೆಯ ವಿರುದ್ಧ 2008ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದಿತ್ತು.

ಕೋವಿಡ್ ಕಾಲದಲ್ಲಿ ಸಿಎಸ್‌ಎ ರದ್ದಾಗಿ, ಅಭ್ಯರ್ಥಿಗಳೇ ರೆಕಾರ್ಡ್ ಮಾಡಿ ಕಳಿಸಿದ ಭೇಟಿಗಳನ್ನು ಪರಿಶೀಲಿಸಿ ಅಂಕ ಕೊಡುವ ಏರ್ಪಾಡು ಬಂತು. 2023ರ ನವೆಂಬರಿನಿಂದ ಎಸ್‌ಸಿಎ ಎಂಬ ಹೊಸ ಪರೀಕ್ಷೆ ಜಾರಿಯಲ್ಲಿದೆ: 12 ಪಾತ್ರಧಾರಿಗಳು, ತಲಾ 12 ನಿಮಿಷ, ಎಲ್ಲವೂ ವಿಡಿಯೊ ಅಥವಾ ಫೋನಿನಲ್ಲಿ.

ಭಾರತದ ನಂಟು

ಎನ್‌ಎಚ್‌ಎಸ್‌ನ ಆರಂಭದ ದಶಕಗಳಲ್ಲಿ, ಸ್ಥಳೀಯ ವೈದ್ಯರು ಹೋಗಲೊಲ್ಲದ ವೇಲ್ಸಿನ ಗಣಿ ಕಣಿವೆಗಳಲ್ಲಿ, ಕೈಗಾರಿಕಾ ನಗರಗಳ ಬಡ ಬಡಾವಣೆಗಳಲ್ಲಿ ಕ್ಲಿನಿಕ್ ನಡೆಸಿದವರಲ್ಲಿ ದಕ್ಷಿಣ ಏಷ್ಯಾದವರ ಸಂಖ್ಯೆ ದೊಡ್ಡದು. ಅವರಲ್ಲಿ ಹಲವರು ಇಂದಿನ ಯಾವ ಆಯ್ಕೆ ಪರೀಕ್ಷೆಯನ್ನೂ ಬರೆದವರಲ್ಲ. 1975ರಲ್ಲಿ ಭಾರತದ ಪದವಿಗಳಿಗಿದ್ದ ನೇರ ಮಾನ್ಯತೆ ನಿಂತ ಮೇಲೆ ಇಲ್ಲಿಂದ ಹೋಗುವ ವೈದ್ಯರು ನೋಂದಣಿಗಾಗಿ ಪ್ಲ್ಯಾಬ್ ಎಂಬ ಪರೀಕ್ಷೆಯ ದಾರಿ ಹಿಡಿಯಬೇಕಾಯಿತು. ಈಗ ಕರ್ನಾಟಕದ ಎಂಬಿಬಿಎಸ್ ಪದವೀಧರರು ಎಮ್‌ಎಸ್‌ಆರ್‌ಎಯನ್ನು ಬೆಂಗಳೂರಿನ ಗಣಕ ಕೇಂದ್ರದಲ್ಲೇ ಬರೆಯಬಹುದು. ಆದರೆ 2025ರ ಜುಲೈಯಲ್ಲಿ ಪ್ರಕಟವಾದ ಇಂಗ್ಲೆಂಡಿನ ಹತ್ತು ವರ್ಷಗಳ ಆರೋಗ್ಯ ಯೋಜನೆ, ತರಬೇತಿಯಲ್ಲಿ ಬ್ರಿಟನ್ನಿನ ಪದವೀಧರರಿಗೆ ಆದ್ಯತೆ ಕೊಡುವುದಾಗಿ ಹೇಳಿದೆ.

ಭಾರತದಲ್ಲಿ ಕುಟುಂಬ ವೈದ್ಯಶಾಸ್ತ್ರಕ್ಕೆ ಡಿಎನ್‌ಬಿ ಎಂಬ ಸ್ನಾತಕೋತ್ತರ ಪದವಿ ಇದೆ. ಸ್ನಾತಕೋತ್ತರ ಸೀಟುಗಳಲ್ಲಿ ಕಾಲು ಭಾಗ ಈ ವಿಷಯಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ಮೀಸಲಾಗುವ ಹಂತ ತಲುಪಬೇಕೆಂದು 2002ರ ರಾಷ್ಟ್ರೀಯ ಆರೋಗ್ಯ ನೀತಿ ಬಯಸಿತ್ತು. ಆ ಹಂತ ಇನ್ನೂ ಬಂದಿಲ್ಲ. ಸೀಟು ಹಂಚುವುದು ನೀಟ್-ಪಿಜಿ ರ‍್ಯಾಂಕಿನ ಮೇಲೆ, ಮತ್ತು ರೋಗಿಯೊಡನೆ ಮಾತಾಡುವ ಬಗೆಯನ್ನು ಅಳೆಯುವ ಒಂದು ಪ್ರತ್ಯೇಕ ಪತ್ರಿಕೆಯೂ ಆ ಪರೀಕ್ಷೆಯಲ್ಲಿ ಇಲ್ಲ.