ಬೆಳೆ ಪ್ರದರ್ಶನ, ಕೃಷಿ ವಿದ್ಯಾರ್ಥಿಗಳ
ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ, ರೈತರಿಂದ ಕಲಿತು, ಊರವರಿಗಾಗಿ ಏರ್ಪಡಿಸುವ ವಸ್ತುಪ್ರದರ್ಶನ. ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದ ಭಾಗ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ; ಅದರ ವಿದ್ಯಾರ್ಥಿಗಳು ಇಲ್ಲಿನ ಹಳ್ಳಿಗಳಲ್ಲೂ ಇಂಥ ಪ್ರದರ್ಶನ ಏರ್ಪಡಿಸುತ್ತಾರೆ. ಬೈಲಹೊಂಗಲ, ಸವದತ್ತಿಯ ಎರೆಭೂಮಿಯಲ್ಲಿ ಹತ್ತಿ, ಕಡಲೆ, ಹಿಂಗಾರಿ ಜೋಳ, ಮಲೆನಾಡಿನ ಅಂಚಿನ ಕಿತ್ತೂರಿನಲ್ಲಿ ಭತ್ತ, ರಾಮದುರ್ಗದ ನೀರಾವರಿ ಹೊಲಗಳಲ್ಲಿ ಕಬ್ಬು ಬೆಳೆಯುತ್ತವೆ.

ಪ್ರದರ್ಶನದಲ್ಲಿ ತೆನೆ, ಕಾಯಿಪಲ್ಲೆ, ಹಣ್ಣು, ಬೀಜಗಳನ್ನು ಹೆಸರುಚೀಟಿ ಸಹಿತ ಜೋಡಿಸುತ್ತಾರೆ. ಬೇರುಸಮೇತ ಕಿತ್ತ ಶೇಂಗಾ ಗಿಡದ ಬೇರುಗಂಟುಗಳನ್ನು ತೋರಿಸಿ, ಅಲ್ಲಿನ ರೈಜೋಬಿಯಂ ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುವ ಬಗೆಯನ್ನು ವಿವರಿಸುತ್ತಾರೆ. ಕೀಟ ತಿಂದ ಎಲೆ, ಬೀಜೋಪಚಾರದ ಪ್ರಾತ್ಯಕ್ಷಿಕೆಯೂ ಇರುತ್ತವೆ. ಅನುಭವಿ ರೈತರ ಪ್ರಶ್ನೆಗಳಿಗೆ ನಿಂತಲ್ಲೇ ಉತ್ತರಿಸಬೇಕಾದ್ದರಿಂದ, ಇದು ಕೃಷಿ ವಿದ್ಯಾರ್ಥಿಗಳ ಶಿಕ್ಷಣದ ಬಹುಮುಖ್ಯ ಘಟ್ಟ.