ಇನ್ಫ್ಯೂಷನ್ ನರ್ಸ್‌ಗಳ ಪ್ರಮಾಣೀಕರಣ: ಅಮೆರಿಕ ಸಂಯುಕ್ತ ಸಂಸ್ಥಾನ

ಸಿರೆಯ ಮೂಲಕ ದ್ರವ, ಔಷಧ, ರಕ್ತ ಮತ್ತು ಪೋಷಕಾಂಶ ಕೊಡುವುದರಲ್ಲಿ ಪಳಗಿದ ನರ್ಸ್‌ಗಳಿಗೆ ಅಮೆರಿಕದಲ್ಲಿ ದೊರೆಯುವ ಪ್ರಮುಖ ಅರ್ಹತಾಪತ್ರ ಸಿಆರ್‌ಎನ್‌ಐ. ಇದನ್ನು ನೀಡುವ ಸಂಸ್ಥೆ ಇನ್ಫ್ಯೂಷನ್ ನರ್ಸಸ್ ಸರ್ಟಿಫಿಕೇಷನ್ ಕಾರ್ಪೊರೇಷನ್. ವೃತ್ತಿಯ ಪರವಾನಗಿ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಮಂಡಳಿ. ಸಿಆರ್‌ಎನ್‌ಐ ಅದರ ಮೇಲೆ ಸ್ವಇಚ್ಛೆಯಿಂದ ಪಡೆಯುವಂಥದು. ಯಾವ ನರ್ಸ್ ಯಾವ ಬಗೆಯ ಕೊಳವೆ ಹಾಕಬಹುದೆಂಬುದನ್ನು ರಾಜ್ಯದ ಕಾನೂನು ಮತ್ತು ಆಸ್ಪತ್ರೆಯ ನಿಯಮಗಳೇ ತೀರ್ಮಾನಿಸುತ್ತವೆ.

ಹಿನ್ನೆಲೆ

20ನೇ ಶತಮಾನದ ಮೊದಲ ದಶಕಗಳಲ್ಲಿ ಸಿರೆಗೆ ಸೂಜಿ ಚುಚ್ಚುವುದು ಬಹುಮಟ್ಟಿಗೆ ವೈದ್ಯರ ಕೆಲಸವಾಗಿತ್ತು. 1940ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಏಡಾ ಪ್ಲೂಮರ್ ಅವರಿಗೆ ಈ ಕೆಲಸ ವಹಿಸಿತು. ಮೊದಲ ಐವಿ (ಸಿರೆ-ಚಿಕಿತ್ಸೆಯ) ನರ್ಸ್ ಎಂದು ಸಾಮಾನ್ಯವಾಗಿ ಗುರುತಿಸುವುದು ಇವರನ್ನೇ. ಡ್ರಿಪ್ ಮತ್ತು ರಕ್ತ ಹಾಕುವುದರ ಜೊತೆಗೆ, ಬಳಸಿದ ಕೊಳವೆಗಳನ್ನು ತೊಳೆದು ಮತ್ತೆ ಅಣಿಮಾಡುವುದು, ಮೊಂಡಾದ ಸೂಜಿಗಳನ್ನು ಸಾಣೆ ಹಿಡಿಯುವುದು ಕೂಡ ಅವರ ಪಾಲಿಗಿತ್ತು. ಆಗ ಕೇಳುತ್ತಿದ್ದ ಅರ್ಹತೆ ಒಂದೇ: ನೋಯಿಸದೆ, ತಪ್ಪದೆ ಸಿರೆ ಹಿಡಿಯುವ ಕೈ ಮತ್ತು ಅದರಲ್ಲಿ ಆಸಕ್ತಿ.

ಮುಂದಿನ ಮೂರು ದಶಕಗಳಲ್ಲಿ ಕೈಯ ಹದವೊಂದೇ ಸಾಲದಾಯಿತು. 1950ರಲ್ಲಿ ಮೇಯೋ ಕ್ಲಿನಿಕ್‌ನಿಂದ ಪ್ಲಾಸ್ಟಿಕ್ ಹೊದಿಕೆಯ ಸೂಜಿ ಬಂತು. ಕೊಳವೆ ಸಿರೆಯೊಳಗೆ ದಿನಗಟ್ಟಲೆ ಉಳಿಯತೊಡಗಿತು. 1960ರ ದಶಕದಲ್ಲಿ ಶಸ್ತ್ರವೈದ್ಯ ಸ್ಟ್ಯಾನ್ಲಿ ಡಡ್ರಿಕ್ ಪೂರ್ಣ ಆಹಾರವನ್ನೇ ದೊಡ್ಡ ಸಿರೆಯ ಮೂಲಕ ಕೊಡಬಹುದೆಂದು ತೋರಿಸಿದರು. 1970–71ರಲ್ಲಿ ದ್ರವದ ಬಾಟಲಿಗಳ ಮುಚ್ಚಳದಲ್ಲಿ ಸೇರಿದ್ದ ಬ್ಯಾಕ್ಟೀರಿಯಾದಿಂದ ದೇಶದ ಹಲವು ಆಸ್ಪತ್ರೆಗಳಲ್ಲಿ ರಕ್ತದ ಸೋಂಕು ಹರಡಿತು. ಔಷಧದ ಸಾಂದ್ರತೆ, ಸಿರೆಯ ಗಾತ್ರ, ಸೋಂಕಿನ ದಾರಿ ಇವೆಲ್ಲವನ್ನೂ ನರ್ಸ್ ತಿಳಿದಿರಬೇಕಾಯಿತು.

1973ರಲ್ಲಿ ಪ್ಲೂಮರ್ ಮತ್ತು ಮಾರ್ಗರೀಟ್ ನೈಟ್ ಸೇರಿ ಕಟ್ಟಿದ ಸಂಘವೇ ಇಂದಿನ ಇನ್ಫ್ಯೂಷನ್ ನರ್ಸಸ್ ಸೊಸೈಟಿ. ವೃತ್ತಿಯ ಮಾನದಂಡಗಳು 1980ರಲ್ಲಿ ಪ್ರಕಟವಾದವು. 1983ರಲ್ಲಿ ಪ್ರಮಾಣೀಕರಣ ಸಂಸ್ಥೆ ಸ್ಥಾಪನೆಯಾಗಿ, 1985ರಲ್ಲಿ ಮೊದಲ ಪರೀಕ್ಷೆ ನಡೆಯಿತು.

ಅರ್ಹತೆ ಮತ್ತು ಪರೀಕ್ಷೆ

ಅಭ್ಯರ್ಥಿ ಚಾಲ್ತಿಯಲ್ಲಿರುವ ಪರವಾನಗಿಯುಳ್ಳ ರಿಜಿಸ್ಟರ್ಡ್ ನರ್ಸ್ ಆಗಿರಬೇಕು. ಹಿಂದಿನ ಎರಡು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಕನಿಷ್ಠ 1,600 ಗಂಟೆಗಳ ಅನುಭವ ಬೇಕು. ಇತ್ತೀಚಿನ ವಿನ್ಯಾಸದಂತೆ ಪರೀಕ್ಷೆಯಲ್ಲಿ 140 ಬಹುಆಯ್ಕೆ ಪ್ರಶ್ನೆಗಳಿದ್ದು, ಅಂಕಕ್ಕೆ ಎಣಿಸುವುದು 120 ಮಾತ್ರ.

ನವೀಕರಣ ಮತ್ತು ಮುಂದುವರಿದ ಶಿಕ್ಷಣ

ಅರ್ಹತಾಪತ್ರದ ಅವಧಿ ಮೂರು ವರ್ಷ. ನವೀಕರಿಸಲು ಆ ಅವಧಿಯಲ್ಲಿ 1,000 ಗಂಟೆಗಳ ವೃತ್ತಿ ಅನುಭವ ಇರಬೇಕು. ಜೊತೆಗೆ 40 ಶಿಕ್ಷಣ ಅಂಕಗಳನ್ನು ಗಳಿಸಬೇಕು, ಇಲ್ಲವೇ ಪರೀಕ್ಷೆಯನ್ನು ಮತ್ತೆ ಬರೆಯಬೇಕು. ರಾಜ್ಯಗಳ ಷರತ್ತುಗಳು ಬೇರೆಬೇರೆ. ಕ್ಯಾಲಿಫೋರ್ನಿಯ ಪರವಾನಗಿ ನವೀಕರಣಕ್ಕೆ ಎರಡು ವರ್ಷಕ್ಕೊಮ್ಮೆ 30 ಗಂಟೆಗಳ ಶಿಕ್ಷಣ ಕೇಳುತ್ತದೆ.

ಈ ಕಲಿಕೆ ಏಕೆ ಬೇಕೆಂಬುದಕ್ಕೆ ಕೊಳವೆ ಬದಲಿಸುವ ಪದ್ಧತಿಯೇ ಅತ್ಯುತ್ತಮ ನಿದರ್ಶನ. ಕೈಯಲ್ಲಿನ ಕೊಳವೆಯನ್ನು 72ರಿಂದ 96 ಗಂಟೆಗೊಮ್ಮೆ ತಪ್ಪದೆ ಬದಲಿಸಬೇಕೆಂದು ಬಹುಕಾಲ ಕಲಿಸಲಾಗುತ್ತಿತ್ತು. ಸೊಸೈಟಿಯ 2011ರ ಮಾನದಂಡಗಳು ಗಡಿಯಾರ ಬಿಟ್ಟು ರೋಗಿಯ ಲಕ್ಷಣ ನೋಡಿ ಬದಲಿಸುವಂತೆ ಹೇಳಿದವು. ಮರುವರ್ಷ ಪ್ರಕಟವಾದ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮೂರು ಆಸ್ಪತ್ರೆಗಳ 3,283 ರೋಗಿಗಳ ಅಧ್ಯಯನದಲ್ಲಿ ಸಿರೆಯ ಉರಿಯೂತ, ಗಡಿಯಾರ ನೋಡಿ ಬದಲಿಸಿದ ಮತ್ತು ಲಕ್ಷಣ ನೋಡಿ ಬದಲಿಸಿದ ಎರಡೂ ಗುಂಪುಗಳಲ್ಲಿ ಸುಮಾರು ಶೇ. 7ರಷ್ಟೇ ಇತ್ತು. ಹಳೆಯ ಪಾಠಕ್ಕೇ ಅಂಟಿಕೊಂಡ ನರ್ಸ್, ಚೆನ್ನಾಗಿರುವ ಕೊಳವೆಯನ್ನು ತೆಗೆದು ರೋಗಿಗೆ ಅನಗತ್ಯವಾಗಿ ಇನ್ನೊಂದು ಬಾರಿ ಚುಚ್ಚುತ್ತಾಳೆ. ಕೆಲಸದ ಗಂಟೆ ಮತ್ತು ಓದು ಎರಡನ್ನೂ ಒಟ್ಟಿಗೆ ಕೇಳುವುದೇ ಈ ವ್ಯವಸ್ಥೆಯ ಮುಖ್ಯ ಗುಣವೆನ್ನಬಹುದು.

ಸಂಬಂಧಿತ ಅರ್ಹತೆಗಳು

ಸಿರೆಗೆ ಕೊಳವೆ ಹಾಕುವ ಪರಿಣತಿಗೆ ಸೀಮಿತವಾದ ವಿಎ-ಬಿಸಿ ಎಂಬ ಪ್ರಮಾಣಪತ್ರ ನರ್ಸ್‌ಗಳಲ್ಲದ ಆರೋಗ್ಯ ಸಿಬ್ಬಂದಿಗೂ ತೆರೆದಿದೆ. ಭಾರತದಲ್ಲಿ ನೋಂದಣಿ ನವೀಕರಣಕ್ಕೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಐದು ವರ್ಷಕ್ಕೆ 150 ಗಂಟೆಗಳ ಶಿಕ್ಷಣ ನಿಗದಿಪಡಿಸಿದೆ. ಅದು ಎಲ್ಲ ನರ್ಸ್‌ಗಳಿಗೂ ಅನ್ವಯಿಸುವ ಸಾಮಾನ್ಯ ಷರತ್ತು. ಅಮೆರಿಕಕ್ಕೆ ಹೋಗಬಯಸುವ ಕರ್ನಾಟಕದ ನರ್ಸ್‌ಗಳು ಮೊದಲು ಎನ್‌ಸಿಎಲ್‌ಇಎಕ್ಸ್-ಆರ್‌ಎನ್ ಎಂಬ ಪರವಾನಗಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಅದಕ್ಕೆ ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರವಿದೆ.