ಉಗ್ರಾಣ ಎರಡಾದ ಕಥೆ

ಕೆಲವು ವರ್ಷಗಳ ಹಿಂದೆ ನಾನೊಂದು ಪುಟ್ಟ ತಂತ್ರಾಂಶವನ್ನು ನನಗೆ ಬೇಕಾದಂತೆ ತಿದ್ದಿ, ನನ್ನ ಲಿನಕ್ಸ್ ಗಣಕದ '/ಯುಎಸ್‌ಆರ್/ಬಿನ್' ಎಂಬ ಕಡತಕೋಶದಲ್ಲಿ ಹಳೆಯದನ್ನು ಅಳಿಸಿ ಇಟ್ಟೆ. ವಾರ ಕಳೆಯುವುದರೊಳಗೆ ಹೊಸ ಆವೃತ್ತಿ ಬಂದು ನನ್ನ ಎರಡು ರಾತ್ರಿಯ ದುಡಿಮೆಯನ್ನು ಗುಡಿಸಿಹಾಕಿತು. ತಪ್ಪು ನನ್ನದೇ. ಆ ಕೋಶ ಲಿನಕ್ಸನ್ನು ಕಟ್ಟಿ ಹಂಚುವವರ ಪಾಲಿನದು. ಮನೆಯವರು ತಂದಿಟ್ಟುಕೊಳ್ಳುವುದಕ್ಕೆ '/ಯುಎಸ್‌ಆರ್/ಲೋಕಲ್' ಎಂಬ ಬೇರೆ ಜಾಗವಿದೆ. ಅದಿರಲಿ, ಪಕ್ಕದಲ್ಲಿಯೇ '/ಬಿನ್' ಎಂಬ ಇನ್ನೊಂದು ಕೋಶವೂ ಇತ್ತು, ಅದರಲ್ಲಿಯೂ ಅದೇ ಬಗೆಯ ಸಾಮಾನು! ಒಂದು ಮನೆಗೆ ಎರಡು ಉಗ್ರಾಣವೇಕೆ ಎಂದು ಹುಡುಕಹೊರಟವನಿಗೆ ಸಿಕ್ಕಿದ್ದು ಶಾಸ್ತ್ರವಲ್ಲ, ಬಡತನ.

1970ರ ದಶಕದ ಆರಂಭ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ, ಲಿನಕ್ಸಿಗೆ ಮಾದರಿಯಾದ ಯೂನಿಕ್ಸನ್ನು ಪಿಡಿಪಿ-11 ಯಂತ್ರದ ಮೇಲೆ ಬೆಳೆಸುತ್ತಿದ್ದರು. 1974ರ ಅವರ ಪ್ರಬಂಧದಲ್ಲಿ ಆ ಯಂತ್ರದ ಆಸ್ತಿಪಾಸ್ತಿಯ ವಿವರವಿದೆ: ಕಳಚಿ ತೆಗೆಯಬಹುದಾದ ಒಂದೊಂದು ಡಿಸ್ಕಿಗೆ 2.5 ಮೆಗಾಬೈಟ್. ಇಂದು ಜೇಬಿನ ಫೋನಿನಲ್ಲಿ ಹಿಡಿದ ಒಂದು ಚಿತ್ರಕ್ಕೂ ಅದು ಸಾಲದೆ ಹೋದೀತು. ಯಂತ್ರ ಕಣ್ಣು ತೆರೆಯಲು ಬೇಕಾದದ್ದು ಮೊದಲ ಡಿಸ್ಕಿನಲ್ಲಿ. ಬಳಸುವವರ ಕಡತಗಳು ಮತ್ತೊಂದು ಡಿಸ್ಕಿನ '/ಯುಎಸ್‌ಆರ್'ನಲ್ಲಿ. ಹೆಸರೇ 'ಯೂಸರ್' ಎಂಬುದರ ಮೊಟಕು. ಮೊದಲನೆಯದರಲ್ಲಿ ಹಿಡಿಸದ ತಂತ್ರಾಂಶಗಳು ಎರಡನೆಯದಕ್ಕೆ ಚೆಲ್ಲಿದವು. ಇಲ್ಲಿಯೇ ತೊಡಕು. ಆ ಡಿಸ್ಕನ್ನು ಜೋಡಿಸಿಕೊಡುವ 'ಮೌಂಟ್' ತಂತ್ರಾಂಶವನ್ನು ಅದರೊಳಗೇ ಇಟ್ಟರೆ ಗತಿಯೇನು? ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತೆ! ಅದಕ್ಕೇ ಏಳುವಾಗ ಬೇಕಾದದ್ದು ಇಲ್ಲಿ, ಎದ್ದ ಮೇಲೆ ಬೇಕಾದದ್ದು ಅಲ್ಲಿ ಎಂಬ ಏರ್ಪಾಡು.

ಡಿಸ್ಕುಗಳು ದೊಡ್ಡವಾದವು. ಬಳಸುವವರು ಬಿಡಾರ ಕಿತ್ತು '/ಹೋಮ್'ಗೆ ಹೋದರು. ತಂತ್ರಾಂಶಗಳು ಮಾತ್ರ ಕದಲಲಿಲ್ಲ. 1991ರಲ್ಲಿ ಹುಟ್ಟಿದ ಲಿನಕ್ಸ್ ಈ ಪದ್ಧತಿಯನ್ನೇ ಹಿಡಿಯಿತು. 1994ರಲ್ಲಿ ಅದನ್ನು ನಿಯಮವಾಗಿ ಬರೆದಿಟ್ಟದ್ದೂ ಆಯಿತು. ಒಂದೇ '/ಯುಎಸ್‌ಆರ್' ಅನ್ನು ಹಲವು ಯಂತ್ರಗಳು ಜಾಲದ ಮೂಲಕ ಹಂಚಿಕೊಳ್ಳಬಹುದೆಂಬ ಸಮರ್ಥನೆ ಸುಳ್ಳಲ್ಲ. ಆದರೆ ನನಗದು ಮನೆ ಕಟ್ಟಿ ಮುಗಿಸಿದ ಮೇಲೆ ನೋಡಿಸಿದ ವಾಸ್ತುವಿನಂತೆ ಕಾಣುತ್ತದೆ.

ಕಡೆಕಡೆಗೆ ಯಂತ್ರ ಏಳುವುದಕ್ಕೇ ಬೇಕಾದ ಸಾಮಾನೂ '/ಯುಎಸ್‌ಆರ್' ಸೇರತೊಡಗಿ, ವಿಂಗಡಣೆ ಹೆಸರಿಗಷ್ಟೇ ಉಳಿಯಿತು. 2012ರಲ್ಲಿ ಫೆಡೋರಾ 17 ಎರಡು ಉಗ್ರಾಣಗಳ ನಡುವಣ ಗೋಡೆಯನ್ನು ಒಡೆಯಿತು. ಡೆಬಿಯನ್ ಬಳಗದವರದು ವರ್ಷಗಟ್ಟಲೆಯ ಜಗಳ. ಹಟವೆಂದು ನಗುವಂತಿಲ್ಲ, ಎರಡು ಹೆಸರೂ ಒಂದೇ ಕಡತದ್ದೆಂಬುದು ಅವರ ಕಣಜ ಕಾಯುವ ತಂತ್ರಾಂಶಕ್ಕೆ ತಿಳಿಯದೆ, ಕಡತ ಮಾಯವಾಗುವ ಅಪಾಯ ನಿಜವಾಗಿಯೂ ಇತ್ತು. 2023ರ ಡೆಬಿಯನ್ 12ರ ಹೊತ್ತಿಗೆ ಅವರೂ ಒಂದಾದರು.

ನಾನು ತಿದ್ದಿದ ತಂತ್ರಾಂಶ ಈಗ '/ಯುಎಸ್‌ಆರ್/ಲೋಕಲ್/ಬಿನ್'ನಲ್ಲಿ ಸುಖವಾಗಿದೆ. '/ಬಿನ್' ಎಂದು ಹಳೆಯ ಬಾಗಿಲು ತಟ್ಟಿದರೆ ಇಂದಿಗೂ ತೆರೆಯುತ್ತದೆ. ಒಳಗೆ ಕಾಣುವುದು ಮಾತ್ರ '/ಯುಎಸ್‌ಆರ್/ಬಿನ್'.